ಭಾಗವ್ವನ ಕೆಂಪು ಲಡಿ

ಬನಹಟ್ಟಿ
ತಾ. ೧೨-೧-೧೯೫೩

ಅಕ್ಕ ಸತ್ಯವ್ವಳಿಗೆ ತಂಗಿ ಸುಂದರಿಯ ಸಲಾಮು.

ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮ ಎಂದು ಬರೆದ ಕೂಡಲೇ ಏನಾದರೂ ಕೆಡುತ್ತದೆಯೋ ಏನೋ ಎಂದು ಅಂಜಿಕೆ, ಆದರೂ ಬರೆದಿದ್ದೇನೆ. ಅಕ್ಷರ ಸೊಟ್ಟ ಇದ್ದರೆ ಬೀಳಗಿಯ ನಿನ್ನ ಸಾಲಿಯ ಹುಡುಗಿಯರಿಗೆ ತೋರಿಸಬೇಡ.

ಅಕ್ಕ, ನನಗೆ ನಿದ್ದೆ ಇಲ್ಲ. ತಿಂಗಳಿಗೊಮ್ಮೆ ಜಮಖಂಡಿಯಿಂದ ಬಂದು ಆರಾಧನೆ ನಡೆಸುವ ನಮ್ಮ ಧರೆಪ್ಪ ಉಪದೇಶಿಗಳು ಹೋದ ವಾರ ಎಲ್ಲರ ಎದುರಿಗೆ, "ಸುಂದರವ್ವಾ, ಇಲ್ಲಿ ನಮ್ಮವು ಹನ್ನೊಂದು ಮಕ್ಕಳದಾವ. ನಾ ತಿಂಗಳಿಗೊಮ್ಮೆ ಬಂದ ಹೋದರ ಅವಕ್ಕೇನ ತಿಳೀತೈತಿ? ರವಿವಾರಕ್ಕೊಮ್ಮೆ ನೀ ಕೂಡಿಸಿಕೊಂಡ ಕಲಸು" ಎಂದುಬಿಟ್ಟರು. ಬೇರೆ ಯಾರಾದರೂ ಸುಂದರವ್ವ ಇದ್ದಾಳೇನೋ ಎಂದು ನಾನು ಹಿಂದೆ ತಿರುಗಿ ನೋಡಿದೆ. ಇರಲಿಲ್ಲ. "ನಾ ಮೂರನೇ ಇಯತ್ತೆ ಅರ್ಧಕ್ಕ ಬಿಟ್ಟಾಕಿರೀ" ಎಂದೆ. "ಮೀನ ಹಿಡಿಯೋ ಪೇತ್ರ ಎಷ್ಟನೇ ಇಯತ್ತೆ ಕಲತಿದ್ದಾ?" ಎಂದರು. ಅದಕ್ಕೆ ಏನು ಹೇಳಲಿ? ಪೇತ್ರ ಎಷ್ಟು ಕಲಿತಿದ್ದನೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ತಿಳಿಸು.

ಆದರೆ ಸಭೆಯ ಹಿರಿಯರಲ್ಲಿ ಇಬ್ಬರು ಮೂಗು ಮುರಿದರು. ಅದಕ್ಕೆ ಉಪದೇಶಿಗಳು ಒಂದು ಕರಾರು ಹಾಕಿದರು: "ಈಸ್ಟರ್ ಹಬ್ಬದ ಮರುದಿನ ಬಂದು ನಾ ಒಂದ ಪ್ರಶ್ನಿ ಕೇಳತೇನಿ. ದೇವರ ಕೃಪೆ ಅಂದರೇನು? ಮಕ್ಕಳು ತಮ್ಮ ಮಾತಿನ್ಯಾಗ ಹೇಳಿದರ ಸಾಲಿ ನಡೀಲಿ. ಗಿಣಿ ಪಾಠ ಒಪ್ಪಿಸಿದರ ಬಂದ ಮಾಡೂಣು."

ನಿನ್ನೆ ಮೊದಲ ರವಿವಾರ. ಪಡಸಾಲೆಯಲ್ಲಿ ಎರಡೂ ಮಗ್ಗದ ನಡುವೆ ಚಾಪೆ ಹಾಸಿ ಕೂಡಿಸಿದೆ. "ಕೃಪೆ ಅಂದರ ದುಡೀಲಾರದ ಸಿಗೋದು" ಎಂದೆ. ಮೂಲೆಮನೆಯ ಗುರಪ್ಪ, ಒಂಬತ್ತು ವರ್ಷದ ಪೋರ, ತಟ್ಟನೆ ಎದ್ದ. "ಅಕ್ಕೋರ, ಅಂಥಾ ಸಾವಕಾರ ಬನಹಟ್ಟ್ಯಾಗ ಯಾರದಾನ? ನಮ್ಮಪ್ಪಗ ಹೇಳಿ ಕಳಸತೇನಿ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಕ್ಕದ ಮಗ್ಗದಲ್ಲಿ ಲಾಳಿ ಹಿಡಿದು ಕೂತಿದ್ದ ನಮ್ಮ ಮನೆಯವರೂ ನಕ್ಕರು. ಅವರು ನಕ್ಕದ್ದು ನನಗೆ ಜಾಸ್ತಿ ಹತ್ತಿತು.

ನೀನು ಟ್ರೇನಿಂಗ ಆದವಳು. ಕೃಪೆ, ಬಲಿ, ಇವನ್ನೆಲ್ಲ ತಿಳಿಸುವಂಥ ಒಂದು ಛಲೋ ಕತೆ ಬರೆದು ಕಳಿಸು. ತಡ ಮಾಡಬೇಡ. ಈಸ್ಟರಿಗೆ ಹನ್ನೆರಡು ವಾರ ಮಾತ್ರ ಉಳಿದಿವೆ.

ನಿನ್ನ ತಂಗಿ,
ಸುಂದರಿ


ಬೀಳಗಿ
ತಾ. ೨೫-೧-೧೯೫೩

ಪ್ರಿಯ ಸುಂದರಿ,

ನಿನ್ನ ಕಾಗದ ಓದಿ ಒಬ್ಬಳೇ ನಕ್ಕೆ. ಹನ್ನೆರಡು ವಾರವನ್ನು ಆಗಲೇ ಎಣಿಸಿಟ್ಟಿದ್ದೀಯಲ್ಲ! ನೀನು ಹುಟ್ಟುವಾಗಲೇ, ತೊಟ್ಟಿಲು ಹಗ್ಗ ತಡೆಯುತ್ತದೋ ಇಲ್ಲವೋ ಎಂದು ಮೇಲೆ ನೋಡಿದ್ದೆಯಂತೆ. ಅವ್ವ ಹೇಳುತ್ತಿದ್ದಳು.

ಪೇತ್ರ ಸಾಲಿಗೆ ಹೋಗಿರಲಿಲ್ಲ. ಸಮಾಧಾನವಾಯಿತೇ?

ಇದರೊಡನೆ ಎರಡು ಹಾಳೆಯ ಕತೆ ಇಟ್ಟಿದ್ದೇನೆ. ಒಬ್ಬ ಅರಸು ತನ್ನ ಶಾಲನ್ನು ಕಳ್ಳನ ಹೆಗಲಿಗೆ ಹೊದಿಸಿ, ಅವನ ಬದಲು ತಾನೇ ಚಳಿಯಲ್ಲಿ ನಿಂತದ್ದು. ನಮ್ಮ ಸಾಲಿಯಲ್ಲಿ ಹೇಳಿದರೆ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಾರೆ. ಈಸ್ಟರಿಗೆ ಮೊದಲು ಐಗುಪ್ತದ ಕತೆಯನ್ನೂ ಹೇಳು. ಪಸ್ಕ ಹಬ್ಬಕ್ಕೆ ಕೊಯ್ದ ಕುರಿಮರಿ, ಬಾಗಿಲಿಗೆ ಬಳಿದ ಅದರ ರಕ್ತ, ಕೆಂಪು ಸಮುದ್ರ ದಾಟಿದ್ದು. ಆಮೇಲೆ ಶಿಲುಬೆಗೆ ಬಾ.

ಒಂದು ಮಾತು. ಪುಸ್ತಕದ ಮಾತು ಬಾಯಿಗೆ ಬಾರದಿದ್ದರೆ ನಿನ್ನ ಮಾತಿನಲ್ಲೇ ಹೇಳು. ನೀನು ಓದಿಲ್ಲ ಎಂದು ಸಾರಿ ಸಾರಿ ಬರೆಯಬೇಡ. ಅದನ್ನು ಓದಿದಾಗೆಲ್ಲ ನನಗೆ ಒಂದು ಥರ ಆಗುತ್ತದೆ.

ನಿನ್ನ ಅಕ್ಕ,
ಸತ್ಯವ್ವ


ಬನಹಟ್ಟಿ
ತಾ. ೧೫-೨-೧೯೫೩

ಅಕ್ಕನಿಗೆ ಸುಂದರಿಯ ಸಲಾಮು.

ನಿನ್ನ ಅರಸು ನಮ್ಮೂರಲ್ಲಿ ನಡೆಯಲಿಲ್ಲ, ಸಿಟ್ಟಾಗಬೇಡ. ಶಾಲು ಹೊದಿಸಿದ ಎಂದು ಹೇಳುವಷ್ಟರಲ್ಲಿ ಶುರುವಾಯಿತು. "ಅಕ್ಕೋರ, ಎಷ್ಟ ಮೊಳದ್ದು?" "ಅಂಚು ರೇಶ್ಮಿದೋ ನೂಲಿಂದೋ?" "ಕಳ್ಳ ಅದನ್ನ ಸಂತ್ಯಾಗ ಮಾರಲಿಲ್ಲೇನ್ರಿ?" ನೇಕಾರರ ಮಕ್ಕಳಿಗೆ ಶಾಲಿನ ಕತೆ ಹೇಳಬಾರದು. ಅರಸು ಇನ್ನೂ ಚಳಿಯಲ್ಲೇ ನಿಂತಿದ್ದಾನೆ.

ಆದರೆ ಇಂದು ಕೆಂಪು ಸಮುದ್ರದ ಕತೆ ಹೇಳಿದೆ. ಸಮುದ್ರ ಎಂದರೆ ಏನೆಂದು ಯಾರೂ ನೋಡಿಲ್ಲ, ನಾನೂ ನೋಡಿಲ್ಲ. ಕೃಷ್ಣಾ ಹೊಳೆಗಿಂತ ದೊಡ್ಡದು ಎಂದೆ, ಮುಖದಲ್ಲಿ ಏನೂ ಕಾಣಲಿಲ್ಲ. ಆಗ ಬೀದಿಯಲ್ಲಿ ಹಾಸು ಕಟ್ಟಿ ಗಂಜಿ ಬಳಿಯುವುದು ನೆನಪಾಯಿತು. ನೂರಾರು ಎಳೆ ಉದ್ದಕ್ಕೆ ಬಿಗಿದಿರುತ್ತವೆ, ನಡುವೆ ಬಿದಿರಿನ ಗಳ ತೂರಿಸಿ ಎತ್ತಿದರೆ ಮೇಲೊಂದು ಪದರು, ಕೆಳಗೊಂದು ಪದರು ಆಗಿ ಬಾಯಿ ಬಿಡುತ್ತದಲ್ಲ? "ಮೋಶೆ ಕೋಲ ಎತ್ತಿದ. ಸಮುದ್ರ ಹಾಸಿನಂಗ ಬಿಚ್ಚಿತು. ನಡುವ ಹಾದಿ ಆತು. ಇಸ್ರಾಯೇಲರು ದಾಟಿದರು, ಬೆನ್ನ ಹತ್ತಿ ಬಂದ ಐಗುಪ್ತದ ಅರಸ ಫರೋಹ ಮುಳಗಿದ" ಎಂದೆ. ಅಕ್ಕ, ಹನ್ನೆರಡೂ ಬಾಯಿ ತೆರೆದೇ ಇದ್ದವು! ನನಗೆ ಎಷ್ಟು ಹರುಷವಾಯಿತೆಂದರೆ, ಇಷ್ಟು ಹರುಷ ಯಾಕೆ ಎಂದು ಆಮೇಲೆ ಚಿಂತೆ ಹತ್ತಿತು.

ಹನ್ನೆರಡು ಎಂದೆನಲ್ಲ, ಹೊಸದೊಂದು ಸೇರಿದೆ. ಎದುರು ಮನೆಯ ಭಾಗವ್ವನ ಮೊಮ್ಮಗಳು ಹಾಲವ್ವ, ಏಳು ವರ್ಷದವಳು. ಹಾಡು ಕೇಳಿ ಓಡಿ ಬಂದು ಕೂತುಬಿಟ್ಟಳು. ಅವರು ಲಿಂಗವಂತರು. ನಾಳೆ ಬೀದಿಯಲ್ಲಿ ಮಾತು ಬಂದರೆ? ನಾನೇ ಹೋಗಿ, "ಭಾಗವ್ವಕ್ಕಾ, ಕಳಸೋದ ಬ್ಯಾಡಂದರ ಈಗ ಹೇಳು" ಎಂದೆ. ಭಾಗವ್ವ ಗಂಜಿ ಕಲಸುತ್ತ, "ಹಾಡ ಕಲೀಲಿ ಬಿಡು. ಲಿಂಗ ಕೊಳ್ಳಾಗ ಐತಿ, ಅದೇನ ಎದ್ದ ಓಡಿ ಹೋಗತೈತೇನು?" ಎಂದಳು.

ಆದರೆ ಕೃಪೆ ಎಂದರೇನು ಎಂಬುದು ಇನ್ನೂ ಯಾರಿಗೂ ತಿಳಿದಿಲ್ಲ. ಬಲಿ ಎಂದರೆ ಕುರಿ ಕೊಯ್ಯುವುದು ಎನ್ನುತ್ತಾರೆ, ಅಷ್ಟಕ್ಕೇ ನಿಂತಿದೆ. ಏಳು ವಾರ.

ನಿನ್ನ
ಸುಂದರಿ


ಬನಹಟ್ಟಿ
ತಾ. ೯-೩-೧೯೫೩

ಅಕ್ಕ, ಎಲ್ಲ ಮುಗಿಯಿತು. ಸಮುದ್ರ ಹರಿಯಿತು. ಫರೋಹ ಕೊರಳಿಗೆ ಸುತ್ತಿಕೊಂಡು ಅತ್ತ. ತಪ್ಪು ನನ್ನದು. ಇದು ಬಯಲು ಕಾರ್ಡು, ನಮ್ಮ ಟಪಾಲಿನ ಬಸಗೊಂಡಪ್ಪ ಎಲ್ಲ ಓದುತ್ತಾನೆ, ಹೆಚ್ಚಿಗೆ ಬರೆಯಲಾರೆ. ರವಿವಾರದ ಸಾಲಿ ಇನ್ನಿಲ್ಲ.

ಸುಂದರಿ


ಬೀಳಗಿ
ತಾ. ೧೩-೩-೧೯೫೩

ಸುಂದರಿ, ನಿನ್ನ ಕಾರ್ಡು ಓದಿದಾಗಿನಿಂದ ತಿಂದ ರೊಟ್ಟಿ ಮೈಗೆ ಹತ್ತಿಲ್ಲ. ಯಾವ ಫರೋಹ? ಯಾರ ಕೊರಳು? ಜೀವಕ್ಕೆ ಏನೂ ಆಗಿಲ್ಲವಷ್ಟೇ? ಪಾಕೀಟಿನಲ್ಲಿ ಹಾಕಿ ಪೂರ್ತಿ ಬರೆ. ಬಸಗೊಂಡಪ್ಪನವರೇ, ನೀವು ಓದುತ್ತಿದ್ದರೆ ಆಕೆಗೆ ಬೇಗ ಬರೆಯಲು ಹೇಳಿರಿ.

ಸತ್ಯವ್ವ


ಬನಹಟ್ಟಿ
ತಾ. ೧೮-೩-೧೯೫೩

ಅಕ್ಕನಿಗೆ ಸಲಾಮು.

ಕಾರ್ಡು ಕೊಟ್ಟ ಬಸಗೊಂಡಪ್ಪ ಬಾಗಿಲಲ್ಲೇ ನಿಂತು, "ಬರೀರಿ ಅಕ್ಕೋರ, ನನಗೂ ತಿಳೀಲಾರದ ಕಸಿವಿಸಿ ಆಗೇತಿ" ಎಂದ. ಜೀವಕ್ಕೆ ಏನೂ ಆಗಿಲ್ಲ. ಆದದ್ದು ಹೀಗೆ.

ಮಾರ್ಚ್ ಏಳು, ಶನಿವಾರ ಮುಂಜಾನೆ. ಭಾಗವ್ವ ಬೀದಿಯುದ್ದಕ್ಕೂ ಹಾಸು ಕಟ್ಟಿದ್ದಳು. ಕೆಂಪು ಹಾಸು. ಗಂಜಿ ಬಳಿದು, ಅದು ಆರುವ ಮುನ್ನ ಎರಡು ತುತ್ತು ತಿಂದು ಬರೋಣವೆಂದು ಮನೆಯವರೆಲ್ಲ ಒಳಗೆ ಹೋದರು. ನಮ್ಮ ಹನ್ನೆರಡೂ ಅದನ್ನೇ ಕಾಯುತ್ತಿದ್ದವು. ನೇಕಾರರ ಮಕ್ಕಳು ಹಾಸು ಮುಟ್ಟುವುದಿಲ್ಲ ಅಕ್ಕ, ನಡೆಯಲು ಬಂದಾಗಿನಿಂದ ಅವಕ್ಕೆ ಅದು ಗೊತ್ತು. ಆದರೆ ಸಮುದ್ರ ಹಾಸಿನ ಹಾಗೆ ಬಿಚ್ಚುತ್ತದೆ ಎಂದು ನಾನು ಹೇಳಿದ್ದೆನಲ್ಲ.

ಹಾಲವ್ವ ಮೋಶೆ. ಕೊರಳಲ್ಲಿ ಲಿಂಗ, ಕೈಯಲ್ಲಿ ಅಜ್ಜಿಯ ಕೋಲು. ಇಬ್ಬರು ಬಿದಿರಿನ ಗಳ ಎತ್ತಿ ಹಿಡಿದರು, ಇಸ್ರಾಯೇಲರು ಒಬ್ಬೊಬ್ಬರಾಗಿ ಎರಡು ಪದರಿನ ನಡುವೆ ತೆವಳಿ ಆಚೆ ದಾಟಿದರು. ಅಲ್ಲಿಗೆ ಮುಗಿದಿದ್ದರೆ ಒಂದೆಳೆಯೂ ಹರಿಯುತ್ತಿರಲಿಲ್ಲ. ಹಿಂದೆ ಫರೋಹ ಬಂದ, ಗುರಪ್ಪ, ಇನ್ನೊಬ್ಬನ ಬೆನ್ನೇರಿ. ಫರೋಹ ಮುಳುಗಬೇಕಲ್ಲವೇ? ಗಳ ಹಿಡಿದವರು ಕೈ ಬಿಟ್ಟರು. ಸಮುದ್ರ ಮೇಲೆ ಬಿತ್ತು.

ಚೀರಾಟ ಕೇಳಿ ನಾನು ಓಡಿದೆ. ಗುರಪ್ಪನ ಕೊರಳು, ಕೈ, ಕಿವಿ, ಎಲ್ಲ ಕೆಂಪು ನೂಲು. ನೂರಾ ಹನ್ನೆರಡು ಎಳೆ ಹರಿದಿದ್ದವು. ಭಾಗವ್ವ ರೊಟ್ಟಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು. ಒಂದು ಸಲ ನೋಡಿದಳು. ಬಯ್ಯಲಿಲ್ಲ. ಅದೇ ನನಗೆ ಅಂಜಿಕೆ.

ಹರಿದ ಎಳೆ ಗಿಡ್ಡಾಗುತ್ತದೆ, ನಿನಗೆ ನೆನಪಿರಬಹುದು. ಎರಡು ತುದಿ ಹಿಡಿದು ಎಷ್ಟು ಜಗ್ಗಿದರೂ ಗಂಟಿಗೆ ಸಾಲುವುದಿಲ್ಲ. ನಡುವೆ ಬೇರೆ ತುಂಡು ಕೊಟ್ಟು ಕೂಡಿಸಬೇಕು. ನಾನು ಮನೆಗೆ ಓಡಿ ನಮ್ಮ ಕೆಂಪು ನೂಲು ತಂದೆ. ಭಾಗವ್ವ ಬಿಸಿಲಿಗೆ ಹಿಡಿದು ನೋಡಿ, "ಇದ ಬ್ಯಾರೆ ಬಾನಿ ಬಣ್ಣ. ಸೀರ್ಯಾಗ ಗಾಯದಂಗ ಕಾಣತೈತಿ" ಎಂದು ತಿರುಗಿ ಕೊಟ್ಟಳು. ಒಳಗೆ ಹೋಗಿ ಪೆಟ್ಟಿಗೆ ತೆಗೆದು, ಸುತ್ತಿ ಕಟ್ಟಿದ ಕೆಂಪು ನೂಲಿನ ಒಂದು ಲಡಿ ತಂದಳು. ಮಗಳ ಕುಬಸಕ್ಕೆ, ಏಳು ತಿಂಗಳ ಬಸಿರಿಗೆ ಉಡಿಸುವ ಸೀರೆಯ ಅಂಚಿಗೆಂದು, ಹಾಸಿನ ನೂಲಿನ ಜೊತೆ ಅದೇ ಬಣ್ಣದ ಬಾನಿಯಲ್ಲಿ ಅದ್ದಿಸಿ ಎತ್ತಿಟ್ಟಿದ್ದ ಲಡಿ.

"ಅದ ಬ್ಯಾಡಕ್ಕಾ" ಎಂದೆ.

"ಒಂದೊಂದ ಎಳಿ ಬಿಡಿಸಿಕೋತ ಕುಂತರ ಗಂಜಿ ಒಣಗಿ ಹಾಸೆಲ್ಲ ಹಪ್ಪಳ ಆಗತೈತಿ" ಎಂದವಳೇ ಇಡೀ ಲಡಿಯನ್ನು ಅಡ್ಡಕ್ಕೆ ಕತ್ತರಿಸಿಬಿಟ್ಟಳು. ಒಮ್ಮೆಗೇ ನೂರಾರು ಗೇಣುದ್ದದ ತುಂಡು. ಆ ಲಡಿ ಇನ್ನು ಯಾವ ಅಂಚಿಗೂ ಬರುವುದಿಲ್ಲ.

ಗುರಪ್ಪ ಅಳುವುದನ್ನು ನಿಲ್ಲಿಸಿದ. "ಆಯೀ, ಕಡದವರು ನಾವು. ನೀ ಯಾಕ ಛಲೋ ನೂಲ ಕತ್ತರಸತಿ?"

"ನಿಮ್ಮ ಹಂತ್ಯಾಕ ಈ ಬಣ್ಣ ಐತೇನಲೇ?"

"ಇಲ್ಲ."

"ಹಂಗಾರ ಯಾರ ಕೊಡಬೇಕು? ಹರದದ್ದು ತಾನ ಉದ್ದ ಆಗತೈತೇನು? ಯಾವುದರೆ ಇಡೀ ಎಳಿ ತುಂಡಾಗಬೇಕು. ಬಾ ಇಲ್ಲಿ, ತುದಿ ಹಿಡಿ. ಫರೋಹ ಅಂತ ಫರೋಹ!"

ಎಲ್ಲರನ್ನೂ ಹಾಸಿನ ಎರಡೂ ಕಡೆ ಕೂಡಿಸಿದಳು. ಮಕ್ಕಳು ತುದಿ ಹುಡುಕಿ ಹಿಡಿದವು, ನಾವಿಬ್ಬರೂ ಗಂಟು ಹಾಕಿದೆವು. ಅರವತ್ತನೇ ಗಂಟಿನ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. "ಭಾಗವ್ವಕ್ಕಾ, ಸಮುದ್ರ ಹಾಸಿನಂಗ ಬಿಚ್ಚಿತು ಅಂತ ಹೇಳಿದಾಕಿ ನಾನ." ಅವಳು ತಲೆ ಎತ್ತಲಿಲ್ಲ. "ಗೊತ್ತೈತಿ ತಗೋ. ಹಾಲವ್ವ ನನಗೂ ಹೇಳ್ಯಾಳ. ಛಲೋ ಐತಿ ಕತಿ. ನೀ ಗಂಟ ಬಿಗಿ ಹಾಕು, ಸಡಲ ಹಾಕಾಕತ್ತಿ."

ಮರುದಿನ ರವಿವಾರ ನಾನು ಚಾಪೆ ಹಾಸಲಿಲ್ಲ. ಯಾವ ಮೋರೆ ಇಟ್ಟುಕೊಂಡು ಕಲಿಸಲಿ? ಮಕ್ಕಳು ಬಂದು ಬಾಗಿಲ ಹೊರಗೆ ಕೂತವು. ಒಳಗೆ ನಾನೂ ಕೂತಿದ್ದೆ. ಮೊನ್ನೆಯ ರವಿವಾರವೂ ಹಾಗೇ. ಈಸ್ಟರಿಗೆ ಮೂರು ವಾರವೂ ಇಲ್ಲ, ಕೃಪೆಯ ಪಾಠ ಶುರುವೇ ಆಗಿಲ್ಲ.

ಸುಂದರಿ


ಬೀಳಗಿ
ತಾ. ೨೪-೩-೧೯೫೩

ಹುಚ್ಚಿ ಸುಂದರಿ,

ಭಾಗವ್ವ ಪೆಟ್ಟಿಗೆ ತೆಗೆದ ಕಡೆಯಿಂದ ನಿನ್ನ ಕಾಗದವನ್ನು ನೀನೇ ಮತ್ತೊಮ್ಮೆ ಓದು. ಕಾಗದ ನನ್ನ ಹತ್ತಿರ ಇದೆ ಎನ್ನುತ್ತೀಯಾ? ಅದಕ್ಕೇ ಆ ಹಾಳೆಯನ್ನು ತಿರುಗಿ ಕಳಿಸಿದ್ದೇನೆ. ಪಾಠ ಶುರುವೇ ಆಗಿಲ್ಲವಂತೆ! ನನ್ನ ಟ್ರೇನಿಂಗಿನಲ್ಲಿ ಇಂಥ ಪಾಠ ಯಾರೂ ಹೇಳಿಕೊಡಲಿಲ್ಲ.

ಚಾಪೆ ಹಾಸು. ಶಿಲುಬೆಯ ಕತೆ ಹೇಳು, ಸುವಾರ್ತೆಯಲ್ಲಿ ಇದ್ದಷ್ಟೇ ಹೇಳು. ಉಳಿದದ್ದನ್ನು ಮಕ್ಕಳಿಗೆ ಬಿಡು.

ಇನ್ನೊಂದು ಮಾತು ಬರೆಯುವುದಿತ್ತು. ಇಂದು ಆಗುವುದಿಲ್ಲ.

ಸತ್ಯವ್ವ


ಬನಹಟ್ಟಿ
ತಾ. ೭-೪-೧೯೫೩

ಅಕ್ಕನಿಗೆ ಸುಂದರಿಯ ಸಲಾಮು, ಹಬ್ಬದ ಹರಕೆ.

ನಿನ್ನೆ ಉಪದೇಶಿಗಳು ಬಂದರು. ಮೂಗು ಮುರಿದ ಹಿರಿಯರಿಬ್ಬರೂ ಬಂದು ಮಗ್ಗದ ಕಟ್ಟೆಗೆ ಒರಗಿ ಕೂತರು. ನಾನು ಚಹದ ನೆವ ಮಾಡಿ ಒಳಗೆ ಹೋದವಳು ಬಾಗಿಲ ಸಂದಿಯಲ್ಲೇ ನಿಂತೆ. ಒಲೆಯ ಮೇಲೆ ಹಾಲು ಉಕ್ಕಿತು, ಅದೂ ತಿಳಿಯಲಿಲ್ಲ.

"ದೇವರ ಕೃಪೆ ಅಂದರೇನು?" ಎಂದರು ಉಪದೇಶಿಗಳು.

ಮಕ್ಕಳು ಗುರಪ್ಪನ ಕಡೆ ತಿರುಗಿ ನೋಡಿದವು. ಹಿರಿಯರೊಬ್ಬರು ಕೆಮ್ಮಿದರು. ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಆಗ ಗುರಪ್ಪ ಎದ್ದು ನಿಂತು, "ಭಾಗವ್ವಾಯಿ ಲಡಿ ರೀ" ಎಂದ.

"ಏನ ಲಡಿ?"

"ಕೆಂಪ ಲಡಿ ರೀ. ಹಾಸ ಕಡದವರು ನಾವು. ಕೂಡಸೂಣಂದರ ನಮ್ಮ ಹಂತ್ಯಾಕ ಆ ಬಣ್ಣ ಇರಲಿಲ್ಲ. ಯಾರಿಗೆ ಲುಕ್ಸಾನ ಆಗಿತ್ತೋ ಅಕಿನ ತನ್ನ ಪೆಟಗ್ಯಾಗಿಂದ ತಂದು ಕತ್ತರಿಸಿ ಕೊಟ್ಟಳು. ನಾವು ಬರೇ ತುದಿ ಹಿಡದೇವ್ರಿ."

ಉಪದೇಶಿಗಳು ಕನ್ನಡಕ ತೆಗೆದರು. ಅವರ ಅಪ್ಪ ರಬಕವಿಯಲ್ಲಿ ಮಗ್ಗದ ಕುಣಿಯಲ್ಲಿ ಕೂತು ಜೀವ ಸವೆಸಿದವರು. "ಹಂಗಾರ ಶಿಲುಬೆ ಮ್ಯಾಲೆ ಯೇಸುಸ್ವಾಮಿ ಏನ ಮಾಡಿದ?" ಎಂದು ಮೆಲ್ಲಗೆ ಕೇಳಿದರು.

ಈ ಸಲ ಗುರಪ್ಪನ ತಂಗಿ ಸಣ್ಣಿ, ಇಷ್ಟು ದಿನ ಮಾತೇ ಆಡದವಳು, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನಾವೆಲ್ಲಾ ಹರದಿದ್ದಿವಿ. ದೇವರ ಮಟಾ ಮುಟ್ಟತಿರಲಿಲ್ಲ. ಅವ ಒಬ್ಬ ಇಡೀ ಎಳಿ ಇದ್ದ. ಯಾರೂ ಜಗ್ಗಿ ಹರೀಲಿಲ್ಲರಿ, ತಾನ ತುಂಡಾದ. ನಡುವ ಬಂದು ಗಂಟಾದ."

ಅಕ್ಕ, ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಆಣೆ ಹಾಕಬಾರದು, ಆದರೂ ಹಾಕುತ್ತೇನೆ. ಶುಭ ಶುಕ್ರವಾರ ಮತ್ತೆ ಚಾಪೆ ಹಾಸಿ, ಸುವಾರ್ತೆಯಲ್ಲಿದ್ದ ಶಿಲುಬೆಯ ಕತೆಯನ್ನು ನಾನು ಬರೇ ಓದಿದ್ದೆ, ಅದೂ ತಡವರಿಸುತ್ತ.

ಕೆಮ್ಮಿದ ಹಿರಿಯರು ಮತ್ತೆ ಕೆಮ್ಮಲಿಲ್ಲ. ಉಪದೇಶಿಗಳು ಎದ್ದು ನೇರ ಬೀದಿ ದಾಟಿ ಭಾಗವ್ವನ ಮನೆಗೆ ಹೋದರು, ಹಿಂದೆ ನಾವೆಲ್ಲ. ಸೀರೆ ಮಗ್ಗದ ಮೇಲೆಯೇ ಇತ್ತು. ಬಟ್ಟೆಯ ಮೇಲೆ ಬೆರಳಾಡಿಸುತ್ತ, "ಗಂಟು ಎಲ್ಲಿ ಅದಾವು? ಕಾಣವಲ್ಲವು" ಎಂದರು. "ಬಣ್ಣ ಒಂದ ಐತಲ್ಲ, ಹೆಂಗ ಕಾಣತಾವು? ಬೆರಳಿಗೆ ಹತ್ತತಾವು ನೋಡ್ರಿ" ಎಂದಳು ಭಾಗವ್ವ. ಉಪದೇಶಿಗಳು ಕಣ್ಣು ಮುಚ್ಚಿ ಬೆರಳಿನಿಂದ ಒಂದೊಂದೇ ಗಂಟು ಹುಡುಕಿದರು. ಸಂಗತಿ ತಿಳಿದ ಮೇಲೆ ಭಾಗವ್ವ ನನ್ನ ಕಡೆ ತಿರುಗಿ, "ಏನಬೇ ಸುಂದರೀ, ನನ್ನ ಕೇಳಲಾರದ ನನ್ನ ಲಡಿ ನಿಮ್ಮ ದೇವರ ಮುಂದ ಇಟ್ಟೀರಿ?" ಎಂದು ನಕ್ಕಳು. ಅವಳ ಮಗಳ ಕುಬಸದ ಸೀರೆಗೆ ಈಗ ಹಸಿರು ಅಂಚು. ಕೆಂಪಿಗಿಂತ ಛಲೋ ಕಾಣುತ್ತದೆ ಎನ್ನುತ್ತಾಳೆ. ಸುಳ್ಳು. ಕೆಂಪೇ ಛಲೋ ಇತ್ತು.

ರವಿವಾರದ ಸಾಲಿ ನಡೆಯಬೇಕಂತೆ. ಈಗ ಹೊಸ ಚಿಂತೆ, ಮುಂದಿನ ವಾರ ಏನು ಕಲಿಸಲಿ?

ನಿನ್ನ
ಸುಂದರಿ


ಬೀಳಗಿ
ತಾ. ೧೬-೪-೧೯೫೩

ಪ್ರಿಯ ಸುಂದರಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಬರೆಯುವುದಿತ್ತು ಎಂದಿದ್ದೆನಲ್ಲ, ಈಗ ಬರೆದುಬಿಡುತ್ತೇನೆ.

ಅವ್ವ ತೀರಿದ ವರ್ಷ, ಗುಳೇದಗುಡ್ಡದ ಮನೆಯಲ್ಲಿ ಅಪ್ಪ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡ. "ಲಾಳಿಗೆ ನೂಲಿನ ಕಂಡಿಕಿ ಸುತ್ತಾಕ ಒಬ್ಬಾಕಿ ಸಾಲಿ ಬಿಟ್ಟ ಮನ್ಯಾಗ ಇರಬೇಕವಾ" ಎಂದ. ನನಗೆ ಹನ್ನೊಂದು, ನಿನಗೆ ಒಂಬತ್ತು. ಹಿರಿಯವಳು ನಾನು, ಏಳಬೇಕಾದವಳು ನಾನು. ಸಾಲಿಯ ಪಾಟಿಯನ್ನು ಎದೆಗೆ ಅವಚಿಕೊಂಡು ನೆಲ ನೋಡುತ್ತ ಕೂತೆ. ನೀನು ಎದ್ದು ಹೋಗಿ ರಾಟೆಯ ಮುಂದೆ ಕೂತೆ.

ಇಂದು ಬೀಳಗಿಯಲ್ಲಿ ನನ್ನನ್ನು ಅಕ್ಕೋರು ಎನ್ನುತ್ತಾರೆ. ಆ ಸಾಲಿಗೆ ನೂಲು ಕೊಟ್ಟವಳು ನೀನು. ಇಪ್ಪತ್ತಮೂರು ವರ್ಷ ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನೀನು "ಮೂರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು" ಎಂದು ಬರೆದಾಗೆಲ್ಲ ಆ ಗಂಟು ನನ್ನ ಬೆರಳಿಗೆ ಹತ್ತುತ್ತದೆ.

ಮೇ ತಿಂಗಳ ರಜೆಗೆ ಬನಹಟ್ಟಿಗೆ ಬರುತ್ತೇನೆ. ಚಾಪೆಯ ಮೇಲೆ ಮಕ್ಕಳ ಜೊತೆ ಕೂತು ನೀನು ಕಲಿಸುವುದನ್ನು ಕೇಳಬೇಕು.

ನಿನ್ನ ಅಕ್ಕ


ಬನಹಟ್ಟಿ
ತಾ. ೨೩-೪-೧೯೫೩

ಅಕ್ಕನಿಗೆ ಸುಂದರಿಯ ಸಲಾಮು.

ಪಾಕೀಟು ತೀರಿವೆ, ಕಾರ್ಡಿನಲ್ಲೇ ಬರೆಯುತ್ತೇನೆ. ಬಸಗೊಂಡಪ್ಪ ಓದಿದರೆ ಓದಲಿ.

ನೀನು ತಪ್ಪು ತಿಳಿದಿದ್ದೀ. ನಾನು ಅಂದು ಎದ್ದದ್ದು ನಿನ್ನ ಸಲುವಾಗಿ ಅಲ್ಲ. ಮರುದಿನ ಹದಿನೇಳರ ಮಗ್ಗಿ ಒಪ್ಪಿಸಬೇಕಿತ್ತು, ನನಗೆ ಬರುತ್ತಿರಲಿಲ್ಲ, ಬೆತ್ತದ ಅಂಜಿಕೆ. ಅಪ್ಪ ಕೇಳಿದ್ದೇ ತಡ, ದೇವರೇ ಬಾಗಿಲು ತೆಗೆದ ಎಂದು ಓಡಿದೆ. ನಾಲ್ಕನೇ ದಿನ ನೀನು ಪಾಟಿ ಹಿಡಿದು ಹೊರಟಾಗ ನಾನು ಅತ್ತದ್ದು ಖರೆ. ಆದರೆ ಆಗ ಮಗ್ಗಿ ಇನ್ನೂ ಬರುತ್ತಿರಲಿಲ್ಲ. ಇಷ್ಟು ವರ್ಷ ಎಲ್ಲರೂ ನನ್ನನ್ನು ಹೊಗಳಿದರು, ನಾನು ಸುಮ್ಮನೆ ಕೇಳಿಸಿಕೊಂಡೆ.

ಅಂಜಿ ಓಡಿದವಳ ಕೈಯಿಂದಲೂ ದೇವರು ನಿನಗೆ ಸಾಲಿ ಕೊಡಿಸಿದನಲ್ಲ ಅಕ್ಕ. ಉಪದೇಶಿಗಳು ಆ ಪ್ರಶ್ನೆಯನ್ನು ನನ್ನನ್ನೇ ಕೇಳಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ.

ಈಗ ಹಾಲವ್ವ ನನಗೆ ದಿನಾ ಸಂಜೆ ಮಗ್ಗಿ ಕಲಿಸುತ್ತಾಳೆ, ತಪ್ಪಿದರೆ ಅಜ್ಜಿಯ ಕೋಲು ತೋರಿಸುತ್ತಾಳೆ. ಹದಿನೇಳೇಳಲೆ ನೂರಾ ಹತ್ತೊಂಬತ್ತು, ಅಲ್ಲಿಯವರೆಗೆ ಬಂದಿದ್ದೇನೆ, ಅದರ ಮುಂದೆ ಹಾಲವ್ವಳಿಗೂ ಬರುವುದಿಲ್ಲ. ಹದಿನೇಳೆಂಟಲೆ ಎಷ್ಟು? ಬರುವಾಗ ಹೇಳು. ಬಸಗೊಂಡಪ್ಪನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ.

ನಿನ್ನ
ಸುಂದರಿ